ಸಮ್ಮತಿ ಪತ್ರದ ಹಿಂಬದಿ

ಕಳೆದ ಸೋಮವಾರ ಬೆಳಿಗ್ಗೆ ನಮ್ಮ ಓಣಿಯ ಖಾತೂನಬಿ ಒಂದು ತಾಟು ಶಾವಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಮಾರಲು ತಂದಿದ್ದಾರೆಂದು ತಿಳಿದು ಒಳಗಿನಿಂದ ಡಬ್ಬಿ ತಂದೆ. ಅವರು ತಲೆ ಅಲ್ಲಾಡಿಸಿದರು. ಶಾವಿಗೆಯ ಮೇಲೆ ಕರಿ ಎಳ್ಳು ಉದುರಿಸಿದಂತೆ ಬೂದಿ ಕೂತಿತ್ತು.

“ಇದನ್ನ ಯಾರ್ ತಗೋತಾರ ಹೇಳ್ರಿ, ಸರ್?”

ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಒಣಗಿಸುವ ಶಾವಿಗೆಯೇ ಅವರ ಜೀವನ. ಮನೆಯ ಹಿಂದೆಯೇ ಗುರಪ್ಪನವರ ಶೇಂಗಾ ಎಣ್ಣೆ ಮಿಲ್. ನರಗುಂದದಲ್ಲಿ ಅದು ಹಳೆಯದು. ಯಾರಿಗೂ ತೊಂದರೆ ಇರಲಿಲ್ಲ. ಈಚೆಗೆ ಬಾಯ್ಲರ್ ಹಾಕಿಸಿದರು. ಉಗಿ ಕೊಟ್ಟರೆ ಕಾಳು ಎಣ್ಣೆ ಹೆಚ್ಚು ಬಿಡುತ್ತದಂತೆ. ಉರುವಲು ಶೇಂಗಾ ಹೊಟ್ಟು. (ಮಿಲ್ಲಿನಲ್ಲೇ ಬಿದ್ದಿರುವುದನ್ನು ಯಾರು ಬಿಡುತ್ತಾರೆ?) ಚಿಮಣಿ ಮಾತ್ರ ಖಾತೂನಬಿಯವರ ಮಾಳಿಗೆಗಿಂತ ಒಂದಾಳು ಎತ್ತರ, ಅಷ್ಟೇ.

ಓಣಿಯವರ ಅರ್ಜಿ, ಕಾಗದಗಳನ್ನು ಓದಿ ಬರೆದುಕೊಡುವವನು ನಾನು, ಆದರೆ ಒಬ್ಬರ ಮಾತು ಕೇಳಿ ತೀರ್ಮಾನಿಸುವವನಲ್ಲ. ಹತ್ತಕ್ಕೆ ಸರಿಯಾಗಿ ಇಬ್ಬರೂ ಮಿಲ್ಲಿಗೆ ಹೋದೆವು. ಗುರಪ್ಪನವರು ಚಹಾ ತರಿಸಿದರು. ವಿಷಯ ತೆಗೆದೊಡನೆ ಗೋಡೆಯತ್ತ ಕೈ ತೋರಿಸಿದರು. ಮಾಲಿನ್ಯ ಮಂಡಳಿಯ ಸಮ್ಮತಿ ಪತ್ರ ಗಾಜಿನ ಫ್ರೇಮಿನಲ್ಲಿ ತೂಗುತ್ತಿತ್ತು. ಅವಧಿಯೂ ಮುಗಿದಿರಲಿಲ್ಲ. ದಸರೆಯ ಖಂಡೇ ಪೂಜೆಯಲ್ಲಿ ಯಂತ್ರಗಳ ಜೊತೆ ಅದಕ್ಕೂ ಕುಂಕುಮ, ಮಾಲೆ. ಅದು ಅವರ ಪದ್ಧತಿ.

“ಎಲ್ಲಾ ಕಾಯದೇಶೀರ ಐತ್ರಿ,” ಎಂದರು.

ಎದ್ದು ಹೋಗಿ ಓದಿದೆ. ಕೊನೆಯ ಸಾಲು: ಶರತ್ತುಗಳಿಗೆ ಹಿಂಬದಿ ನೋಡಿ. ಹಿಂಬದಿ ಎಲ್ಲಿದೆ? ರಟ್ಟಿಗೆ ಒತ್ತಿಕೊಂಡು ಕೂತಿದೆ! ಬಿಚ್ಚೋಣ ಎಂದೆ. ಪೂಜೆಯಾದದ್ದನ್ನು ಬಿಚ್ಚುವುದು ಹೇಗೆ ಎಂದು ಗುರಪ್ಪನವರು ಅನುಮಾನಿಸಿದರು. ಖಾತೂನಬಿ ಜೊತೆಗೆ ತಂದಿದ್ದ ಶಾವಿಗೆಯ ತಾಟನ್ನು ಅವರ ಮೇಜಿನ ಮೇಲಿಟ್ಟರು. ಬೂದಿ ಕಂಡು ಗುರಪ್ಪನವರೇ ಫ್ರೇಮಿನ ಮೊಳೆ ಕಿತ್ತರು.

ಹಿಂಬದಿಯಲ್ಲಿ ಸ್ಪಷ್ಟವಾಗಿಯೇ ಇತ್ತು. ಯಂತ್ರ, ಉರುವಲು, ಉತ್ಪಾದನೆ ಯಾವುದನ್ನು ಬದಲಿಸಬೇಕಾದರೂ ಮೊದಲೇ ಹೊಸ ಸಮ್ಮತಿ ಪಡೆಯಬೇಕು. ಈ ಪತ್ರವೋ ಬಾಯ್ಲರ್ ಬರುವುದಕ್ಕಿಂತ ಮುಂಚಿನದು.

“ಮಿಲ್ ಹಳೇದು, ಜಾಗಾ ಹಳೇದು, ನಾನೂ ಹಳಬ. ಹೊಸಾ ಕಾಗದ ಯಾಕ್ರಿ?”

“ಹೊಗಿ ಹೊಸಾದ ಐತಲ್ರಿ ಸಾವಕಾರ್ರ,” ಎಂದರು ಖಾತೂನಬಿ.

ಕಾಯ್ದೆಯ ಅರ್ಥವನ್ನು ನಾನು ಇಷ್ಟು ಚಿಕ್ಕದಾಗಿ ಹೇಳಲಾರೆ. ಒಮ್ಮೆ ಸಿಕ್ಕ ಪರವಾನಗಿ ಕಟ್ಟಡಕ್ಕೆ ಸಿಕ್ಕಿದ್ದು, ಕಟ್ಟಡ ಇರುವವರೆಗೂ ನಡೆಯುತ್ತದೆ ಎಂದು ನಾವು ನಂಬುತ್ತೇವೆ. ರೋಣದಲ್ಲಾಗಲಿ, ಗಜೇಂದ್ರಗಡದಲ್ಲಾಗಲಿ ಇದೇ ನಂಬಿಕೆ. ಆದರೆ ಪಕ್ಕದವರು ಉಸಿರಾಡುವುದು ಕಟ್ಟಡವನ್ನಲ್ಲ, ಅದರ ಹೊಗೆಯನ್ನು. ಚಿಮಣಿಯನ್ನು ಕಾಗದದ ಮೇಲೆ ಎತ್ತರಿಸುವುದು ಸುಲಭ, ಕಟ್ಟಿಯಾದ ಮೇಲೆ ಕಷ್ಟ. ಮೊದಲೇ ಕೇಳಿ ಎನ್ನುವುದು ಅದಕ್ಕೆ.

ಹೊಸ ಕಾಗದ ಬರುವತನಕ ನಡೆಸಬಹುದಲ್ಲ ಎಂದು ಗುರಪ್ಪನವರು ಕೇಳಿದರು. ಹುಬ್ಬಳ್ಳಿಯ ವ್ಯಾಪಾರಿಗೆ ಎಣ್ಣೆ ಕಳಿಸುವ ಮಾತು ಕೊಟ್ಟಿದ್ದರು. ನಾನು ‘ಮೊದಲೇ’ ಎಂಬ ಶಬ್ದದ ಮೇಲೆ ಬೆರಳಿಟ್ಟೆ. ಅವರು ಆ ಸಾಲನ್ನು ಮತ್ತೆ ಓದಿದರು. ಆಮೇಲೆ ಬಾಯ್ಲರಿಗೆ ಹೊಟ್ಟು ಹಾಕುವುದನ್ನು ನಿಲ್ಲಿಸಲು ಹೇಳಿ, ನನ್ನ ಮುಂದೆ ಬಿಳಿ ಹಾಳೆ ಇಟ್ಟರು. ಅರ್ಜಿ ಬರೆದೆವು.

ಮರುದಿನ ಖಾತೂನಬಿಗೆ ಎಲ್ಲ ವಿವರಿಸಿದೆ. ಮಂಡಳಿಯವರು ಬಂದು ನೋಡುತ್ತಾರೆ, ಚಿಮಣಿ ಎಷ್ಟೆತ್ತರ ಬೇಕು, ಬೂದಿ ಹಿಡಿಯಲು ಏನು ಹಾಕಬೇಕು ಎಂದು ಬರೆದುಕೊಡುತ್ತಾರೆ, ಬಳಿಕ ಬಾಯ್ಲರ್ ಮತ್ತೆ ಉರಿಯುತ್ತದೆ. ಮಾಳಿಗೆಯ ಮೇಲೆ ಶಾವಿಗೆ ಹರವುತ್ತಲೇ ಅವರು ಕೇಳಿಸಿಕೊಂಡರು. ನಂತರ ಕೇಳಿದರು:

“ಕಾಗದ ಬಂದ ಮ್ಯಾಲೆ ಬೂದಿ ಬೀಳೂದಿಲ್ಲೇನ್ರಿ, ಸರ್?”