ಡಬ್ಬಿಗೆ ಮರಳಿದ ಚೀಟಿ

ನಮ್ಮ ರವೀಂದ್ರನಗರದ ಮನೆಯಲ್ಲಿ ಬೇಳೆ ಡಬ್ಬಿಗಳ ಕೆಳಗೆ ಹಾಸಿರುವ ದಪ್ಪ ಹಾಳೆ ಒಂದು ಕಾಲದಲ್ಲಿ ಜಿಲ್ಲೆಯ ಕಿಕ್‌ಬಾಕ್ಸರುಗಳ ಹಣೆಬರಹವಾಗಿತ್ತೆಂದರೆ ನೀವು ನಗುತ್ತೀರಿ. ನಗಿ, ಅಡ್ಡಿಯಿಲ್ಲ, ಹೆಂಡತಿ ಅದನ್ನು ಮಗುಚಿ ಹಾಸಿದ ದಿನ ನಾನೂ ನಕ್ಕಿದ್ದೆ. ತೊಂಬತ್ತರ ದಶಕದಲ್ಲಿ ವ್ಯಾಯಾಮದ ಮೇಷ್ಟ್ರಾಗಿದ್ದ ನಾನು ಪ್ರತಿವರ್ಷ ಹೆಸರಿನ ಚೀಟಿಗಳನ್ನು ಬಿಸ್ಕತ್ತಿನ ಡಬ್ಬಿಯಲ್ಲಿ ಕುಲುಕಿ, ಒಂದೊಂದಾಗಿ ಎತ್ತಿ, ಯಾರು ಯಾರೊಡನೆ ಸೆಣಸಬೇಕೆಂದು ಅಂಥ ಹಾಳೆಯ ಮೇಲೆ ಬರೆಯುತ್ತಿದ್ದೆ.

ಆಗ ಭದ್ರಾವತಿಯ ಓಲ್ಡ್ ಟೌನಿನಲ್ಲಿ ಲಾರಿ ರಿಪೇರಿ ಮಾಡುತ್ತಿದ್ದ ಅನ್ವರನೇ ಚಾಂಪಿಯನ್. ಅವನ ಬಲಗಾಲು ಎದ್ದರೆ ಎದುರಾಳಿ ಕೂರುತ್ತಿದ್ದ. ಅವನಿಗೆ ಸಾಟಿಯೆಂದರೆ ಶಿವಮೊಗ್ಗದ ರಾಗಿಗುಡ್ಡದ ಮಂಜುನಾಥನೊಬ್ಬನೇ. ಅವರ ಮುಖಾಮುಖಿಗಾಗಿ ಎರಡೂ ಊರು ಬಾಯಿಬಿಟ್ಟುಕೊಂಡು ಕಾದವು. ಆದರೆ ಎರಡು ವರ್ಷ ಚೀಟಿಗಳು ಅವರನ್ನು ಪಟ್ಟಿಯ ಎರಡು ತುದಿಗೆ ತಳ್ಳಿದವು. ಎರಡು ಸಲವೂ ಫೈನಲ್ಲಿಗೆ ಮೊದಲೇ ಹುಬ್ಬು ಒಡೆದು ಮಂಜು ಹೊರಬಿದ್ದ.

ಮೂರನೆಯ ವರ್ಷ ಬೆನ್ನುಬೆನ್ನಿಗೆ ಕೈಗೆ ಬಂದದ್ದು ಅವರಿಬ್ಬರದೇ ಚೀಟಿ. ಮೊದಲ ಸುತ್ತು, ಬೆಳಗಿನ ಮೊದಲ ಪಂದ್ಯ, ಇನ್ನೂ ಶಾಮಿಯಾನ ಕಟ್ಟುವ ಹೊತ್ತು. ಇಂಥ ಕಾಳಗ ಖಾಲಿ ಕುರ್ಚಿಗಳ ಮುಂದೆ ಮುಗಿದುಹೋಗಬೇಕೆ? ಮಂಜುವಿನ ಚೀಟಿಯನ್ನು ಹೆಬ್ಬೆರಳಿನಡಿ ಮಡಚಿ ಮತ್ತೆ ಡಬ್ಬಿಗೆ ಬಿಟ್ಟೆ. ತಾನೊಂದು ಬಗೆದರೆ ದೈವವೊಂದು ಬಗೆಯಿತು. ಆ ಸಂಜೆ ಸೆಮಿಫೈನಲ್ಲಿನಲ್ಲಿ ಮಂಜುವಿನ ಮೊಣಕಾಲು ತಿರುಚಿಕೊಂಡಿತು; ಮತ್ತೆ ಅವನು ಕಣಕ್ಕಿಳಿಯಲಿಲ್ಲ.

ನಡೆಯದ ಪಂದ್ಯದಲ್ಲಿ ಸೋತವರಿಲ್ಲ ಎಂದು ನನಗೆ ನಾನೇ ಎಷ್ಟೋ ಸಲ ಸಮಾಧಾನ ಹೇಳಿಕೊಂಡಿದ್ದೇನೆ. ಅದೇ ಮಾತನ್ನು ಹೇಳಿ ಹೇಳಿ ಈಗ ದಣಿದಿದ್ದೇನೆ. ಗೆದ್ದವರೂ ಇಲ್ಲವಲ್ಲ!

ಸುಮಾರು ಹತ್ತು ವರ್ಷದ ಮೇಲೆ ಅನ್ವರನ ಶಿಷ್ಯರು ಶಿವಮೊಗ್ಗದಲ್ಲಿ ಅವನಿಗೆ ಸನ್ಮಾನ ಇಟ್ಟುಕೊಂಡರು. ಅವನಿಂದ ಕಲಿತವರು ಸಭಾಂಗಣದ ತುಂಬ ಇದ್ದರು. ಅವನು ಮೈಕಿನ ಮುಂದೆ ತಡವರಿಸಿದ.

“ಮಂಜು ಜೊತೆ ಆಡ್ದೇನೇ ಚಾಂಪಿಯನ್ ಅನ್ನಿಸ್ಕೊಂಡೆ. ಅದೊಂದು ಕೊರಗು ಹೋಗಿಲ್ಲ.”

ಹಿಂದಿನ ಸಾಲಿನಲ್ಲಿ ನನ್ನ ಪಕ್ಕದಲ್ಲೇ ಮಂಜು ಕೂತಿದ್ದ, ಆಟೋ ಓಡಿಸುವ ಖಾಕಿ ಅಂಗಿಯಲ್ಲಿ. ನನಗೆ ತಡೆಯಲಾಗಲಿಲ್ಲ, ಚೀಟಿಯ ವಿಷಯ ಹೇಳಿಬಿಟ್ಟೆ. ಬೈಯಲಿ ಎಂದೇ ಹೇಳಿದೆ.

“ಗೊತ್ತು ಸಾರ್,” ಅಂದ. “ನಾನ್ ಅಲ್ಲೇ ನಿಂತಿದ್ದೆ, ನೋಡ್ದೆ. ಕೂಗ್ಬೋದಿತ್ತು. ಅನ್ವರ್ ಹೆಸರಿನ ಹಿಂದೇನೇ ನನ್ ಹೆಸರು ಬಂದಿದ್ದೇ ಕಾಲು ನಡುಗಕ್ಕೆ ಶುರುವಾಗಿತ್ತು. ನೀವು ವಾಪಸ್ ಹಾಕಿದ್ರಲ್ಲ, ಅಬ್ಬ ಅಂತ ಕೂತ್ಕೊಂಡೆ.”

ಇಷ್ಟು ವರ್ಷ ಒಬ್ಬನೇ ಹೊತ್ತೆನೆಂದುಕೊಂಡಿದ್ದ ತಪ್ಪಿಗೆ ಪಾಲುದಾರ ಸಿಕ್ಕಿದ್ದ. ಆದರೂ ಅದು ಒಂದಿಷ್ಟೂ ಹಗುರಾಗಲಿಲ್ಲ. ಅಷ್ಟರಲ್ಲಿ ಅನ್ವರ್ ವೇದಿಕೆಯಿಂದ ಇಳಿದು ನೇರವಾಗಿ ನಮ್ಮ ಸಾಲಿಗೇ ಬಂದ. ಕೊರಳಿನ ಹಾರ ತೆಗೆದು ಮಂಜುವಿನತ್ತ ಚಾಚಿದ.

“ಇದು ನಿಂದೂ ಹೌದು ಮಾರಾಯ.”

ಮಂಜು ಎದ್ದು ನಿಂತ, ಎರಡು ಹೆಜ್ಜೆ ಹಿಂದೆ ಸರಿದ, ತಲೆ ಅಲ್ಲಾಡಿಸಿದ. ಜನ ಚಪ್ಪಾಳೆ ತಟ್ಟಿದರು. ಅನ್ವರ್ ಅದನ್ನು ವಿನಯವೆಂದುಕೊಂಡ.