ಹೋರಿ ತಾನೇ ನಡೆದು ಬಂತು ಸ್ವಾಮಿ

ಹೊಸಬಾಳೆಯ ಲೋಕಮ್ಮನಿಗೆ ಸವತಿಯಿರಲಿಲ್ಲ, ಆದರೆ ಸವತಿಗಿಂತ ಹೆಚ್ಚಾಗಿ ಒಂದು ಹೋರಿಯಿತ್ತು. ಹೆಸರು ಗುಡುಗು. ಗಂಡ ಹನುಮಂತಪ್ಪ ಅದನ್ನು ಕರುವಾಗಿನಿಂದ ಸಾಕಿ, ಹೋರಿ ಹಬ್ಬಗಳಲ್ಲಿ ಓಡಿಸಿ, ಎರಡು ತಾಲ್ಲೂಕಿಗೆ ಹೆಸರುವಾಸಿ ಮಾಡಿದ್ದ. ಹೆಂಡತಿಗೆ ಜ್ವರ ಬಂದರೆ ‘ಮಾತ್ರೆ ನುಂಗು’ ಎನ್ನುವ ಮಹಾರಾಯ, ಹೋರಿ ಸೀನಿದರೆ ಡಾಕ್ಟರನ್ನೇ ಕರೆತರುತ್ತಿದ್ದ. ಕೊನೆಗೆ ಲೋಕಮ್ಮ ಹಟ ಹಿಡಿದು ಅದನ್ನು ಶಿಕಾರಿಪುರದ ವ್ಯಾಪಾರಿ ಮಹಾಂತೇಶನಿಗೆ ಮಾರಿಸಿದಳು.

ತಿಂಗಳೊಳಗೆ ಗುಡುಗು ಅಲ್ಲಿಂದ ಮಾಯವಾಗಿ ಹನುಮಂತಪ್ಪನ ಕೊಟ್ಟಿಗೆಯಲ್ಲಿ ಪ್ರತ್ಯಕ್ಷವಾಯಿತು. ಮಹಾಂತೇಶ ಕಳ್ಳತನದ ದೂರು ಕೊಟ್ಟ. ಪೊಲೀಸರು ಬಂದು ಹೋರಿಯನ್ನು ಅತ್ತ, ಹನುಮಂತಪ್ಪನನ್ನು ಇತ್ತ ಒಯ್ದರು. ಅಭಿಮಾನಿಗಳು ಎರಡು ಪಂಗಡವಾಗಿ ಕೂಗಾಡಿದರು, ಟೀವಿಯವರು ವಾರವಿಡೀ ಅದನ್ನೇ ಅಗಿದರು. ಲೋಕಮ್ಮನಿಗೆ ಒಂದೇ ಕೊರಗು. ತಾನು ಮಾರಿಸದಿದ್ದರೆ ಗಂಡ ಜೈಲು ಕಾಣುತ್ತಿದ್ದನೇ? ಅವನನ್ನು ಮನೆಗೆ ತರುವುದೊಂದು ಬಿಟ್ಟು ಬೇರೆ ಯೋಚನೆಯೇ ಅವಳಿಗೆ ಉಳಿಯಲಿಲ್ಲ.

ಜಾಮೀನು ಅರ್ಜಿಯ ದಿನ ಶಿಕಾರಿಪುರದ ಕೋರ್ಟಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ವಕೀಲ ಶಾಂತವೀರಪ್ಪನವರು ಇಪ್ಪತ್ತು ವರ್ಷ ಬರೀ ಬದುವಿನ ಜಗಳ ವಾದಿಸಿದವರು, ಅವತ್ತು ಹೊಸ ಕೋಟು ಹಾಕಿಕೊಂಡು ಬಂದಿದ್ದರು.

“ಸ್ವಾಮಿ, ನನ್ನ ಕಕ್ಷಿದಾರ ಊರು ಬಿಟ್ಟು ಓಡೋನಲ್ಲ, ಪಹಣಿಯಲ್ಲಿ ಹೆಸರೈತಿ. ಸಾಕ್ಷಿಗಳನ್ನ ಹೆದರಿಸೋನಲ್ಲ, ಹೆಂಡ್ತಿಗೇ ಹೆದರೋನು. ಸಂಸಾರಕ್ಕೆ ಇವನೊಬ್ಬನೇ ಆಧಾರ.”

ಗದ್ದೆ, ಹಾಲು, ಮನೆ ಎಲ್ಲವನ್ನೂ ಒಬ್ಬಳೇ ಹೊತ್ತ ಲೋಕಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ‘ಪಾಪ, ಅಳ್ತಿದಾಳೆ’ ಎಂದು ಜನ ತಿಳಿದರು.

“ಇನ್ನು ಕಳ್ಳತನ ಅನ್ನೋದು ಆಗೇ ಇಲ್ಲ. ಹೋರಿ ತಾನೇ ನಡ್ಕೊಂಡು ಬಂತು.”

“ಬಸ್ಸಿನ ಬೋರ್ಡು ಓದ್ಕೊಂಡು ಬಂತಾ?” ಎಂದರು ಸರ್ಕಾರಿ ವಕೀಲರು. ಇಡೀ ಕೋರ್ಟೇ ನಕ್ಕಿತು.

ನ್ಯಾಯಾಧೀಶರು ನಗು ತಡೆದುಕೊಂಡು ಜಾಮೀನು ಕೊಟ್ಟರು, ಆದರೆ ಒಂದು ಷರತ್ತು ಹಾಕಿದರು. ಕೇಸು ಮುಗಿಯುವವರೆಗೆ ಆರೋಪಿ ಹೋರಿಯನ್ನು ಮುಟ್ಟಕೂಡದು. ಮುಟ್ಟಿದರೆ ಜಾಮೀನು ರದ್ದು. ಹೋರಿ ಮಹಾಂತೇಶನ ಕೊಟ್ಟಿಗೆಗೆ ಹೋಯಿತು, ಹನುಮಂತಪ್ಪ ಮನೆಗೆ ಬಂದ.

ಎಂಟನೇ ದಿನ ಬೆಳಗ್ಗೆ ಲೋಕಮ್ಮ ಬಾಗಿಲು ತೆಗೆದರೆ ಅಂಗಳದಲ್ಲಿ ಗುಡುಗು! ಮೊಣಕಾಲವರೆಗೆ ಕೆಸರು, ಕೊರಳಲ್ಲಿ ಹರಿದ ಹಗ್ಗ. ಅವಳು ಸರಕ್ಕನೆ ಹೊರಗಿನಿಂದ ಚಿಲಕ ಹಾಕಿ ವಕೀಲರಿಗೆ ಫೋನು ಮಾಡಿದಳು.

“ಅವರು ಮುಟ್ಟದಂಗೆ ನೋಡ್ಕೊಳ್ರೀ!” ಶಾಂತವೀರಪ್ಪನವರು ಸಂತೋಷಕ್ಕೆ ಕಿರುಚಿದರು. “ಊರ ಹಿರಿಯರನ್ನ ಕರೆಸ್ರೀ, ವಿಡಿಯೋ ಮಾಡಿಸ್ರೀ. ಹೋರಿನೇ ಬಂದು ಸಾಕ್ಷಿ ಹೇಳೈತಿ!”

ಅಷ್ಟರಲ್ಲಿ ಹನುಮಂತಪ್ಪ ಎದ್ದು ಕಿಟಕಿಗೆ ಬಂದಿದ್ದ. “ಲೋಕೀ, ಒಂದೇ ಸಲ ಮೈ ಸವರ್ತೀನಿ ಕಣೇ, ಬಾಗ್ಲು ತೆಗಿಯೇ.”

“ಸವರಿದ್ರೆ ಮತ್ತೆ ಜೈಲು. ಸುಮ್ನಿರ್ರೀ.”

ಹೋರಿ ಕಿಟಕಿಯತ್ತ ಮೂತಿ ಚಾಚಿತು. ಹನುಮಂತಪ್ಪ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಗೊಳೋ ಎಂದು ಅತ್ತ. ಲೋಕಮ್ಮನಿಗೆ ಹೊಟ್ಟೆಕಿಚ್ಚಾಯಿತು, ಸಿಟ್ಟು ಬಂತು, ಆಮೇಲೆ ಎರಡನ್ನೂ ಮೀರಿ ಕರುಳು ಚುರುಕ್ಕೆಂದಿತು. ಹೆದರುತ್ತಲೇ ಹೋರಿಯ ಕೊರಳ ಮೇಲೆ ಕೈಯಿಟ್ಟಳು.

“ಜಡ್ಜ್ ಸಾಹೇಬ್ರು ಮುಟ್ಬೇಡ ಅಂದಿದ್ದು ನಿಮ್ಗೆ, ನಂಗಲ್ಲ. ಎಲ್ಲಿ ಸವರ್ಬೇಕು, ಹೇಳ್ರಿ.”

“ಕಿವಿ ಹಿಂದೆ... ಇನ್ನೊಂಚೂರು ಕೆಳಗೆ... ಹಾಂ, ಅಲ್ಲೇ ಕಣೇ, ಅಲ್ಲೇ,” ಎಂದ ಹನುಮಂತಪ್ಪ, ಕಣ್ಣು ಮುಚ್ಚಿಕೊಂಡು.