ಎರ್ರಮ್ಮನ ಆರು ವೋಲ್ಟು

ಕುರುಗೋಡಿನ ಎರ್ರಮ್ಮ ಸುಳ್ಳು ಹೇಳುವ ಹೆಂಗಸಲ್ಲ. ಹಾಲಿಗೆ ನೀರು ಬೆರೆಸಿದ್ದರೆ ಬೆರೆಸಿದ್ದೇನೆ ಎಂದು ಕೊಳ್ಳುವವರ ಮುಖಕ್ಕೇ ಹೇಳುವಂಥವಳು. ಮಗಳನ್ನು ನೋಡಲು ಬಂದ ಬೀಗರ ಮುಂದೆ, ಇವಳಿಗೆ ಸಿಟ್ಟು ಜಾಸ್ತಿ, ರೊಟ್ಟಿಯನ್ನೂ ದಪ್ಪ ಬಡಿಯುತ್ತಾಳೆ ಎಂದು ಯಾರೂ ಕೇಳದೆಯೇ ಹೇಳಿ ಗಂಡನಿಂದ ಬೈಸಿಕೊಂಡವಳು. ಇಷ್ಟು ಆಯುಷ್ಯದಲ್ಲಿ ಅವಳ ಹೆಸರಿಗೆ ಇರುವುದು ಒಂದೇ ಒಂದು ಸುಳ್ಳು. ಅದನ್ನೂ ತನ್ನ ಬಾಯಿಂದ ಹೇಳಲಿಲ್ಲ, ಬಳ್ಳಾರಿಯ ಹೊನ್ನೂರಪ್ಪನ ಬಾಯಿಂದ ಹೇಳಿಸಿದಳು. ನಲವತ್ತು ವರ್ಷ ಆ ಸುಳ್ಳು ಜಗ್ಗದೆ ನಿಂತಿತ್ತು. ಮೊನ್ನೆ ಸಂಕ್ರಾಂತಿಯ ಹಿಂದುಮುಂದಿನ ಚಳಿಯಲ್ಲಿ ಅದಕ್ಕೆ ಕುತ್ತು ಬಂತು.

ಸುಳ್ಳಿಗೆ ಕಾರಣ, ಮನೆಯ ಮುಂದಿನ ಬೇವಿನ ಮರದ ಕೆಳಗೆ ನಿಲ್ಲುವ ಲಾರಿ. ಐವತ್ತನಾಲ್ಕನೇ ಇಸವಿಯ ಫಾರ್ಗೋ ಅದು. ಉದ್ದ ಮೂತಿ, ದುಂಡು ದೀಪ, ಮರದ ಬಾಡಿ. ಅವಳ ಗಂಡ ವಿರೂಪಾಕ್ಷಪ್ಪ ಮದುವೆಯಾದ ವರ್ಷ ಅದನ್ನು ಸಿರುಗುಪ್ಪದ ಅಕ್ಕಿ ಗಿರಣಿಯವರೊಬ್ಬರಿಂದ ಕೊಂಡು ತಂದ. ಅಂದಿನಿಂದ ಸಿರುಗುಪ್ಪದಲ್ಲಿ ತೌಡು, ಹೊಟ್ಟು ಹೇರಿಕೊಂಡು ಬಂದು ಈ ಕಡೆಯ ಇಟ್ಟಿಗೆ ಭಟ್ಟಿಗಳಿಗೂ ದನ ಸಾಕಿದವರಿಗೂ ಹಾಕುವುದು ಆತನ ಕಸುಬು. ವಯಸ್ಸು ಎಪ್ಪತ್ತು ದಾಟಿದ ಮೇಲೆ ವಾರಕ್ಕೆ ಎರಡು ಟ್ರಿಪ್ಪು, ಅಷ್ಟೇ. ಈಗಿನ ಗಾಡಿಗಳ ಬ್ಯಾಟರಿ ಹನ್ನೆರಡು ವೋಲ್ಟಿನದು. ಈ ಲಾರಿಯದು ಹುಟ್ಟಿನಿಂದಲೂ ಬರೀ ಆರು. ಹಾರ್ನು ಒತ್ತಿದರೆ ಯಾರೋ ಮುದುಕರು ಕೆಮ್ಮಿದ ಹಾಗೆ. ದೀಪ ಹಾಕಿದರೆ, ಹತ್ತಿತೋ ಇಲ್ಲವೋ ಎಂದು ಇಳಿದು ಹೋಗಿ ನೋಡಬೇಕು. ಹಾಗಾಗಿ ಆ ಲಾರಿ ಕತ್ತಲಲ್ಲಿ ಓಡಿದ್ದೇ ಇಲ್ಲ. ಹೊತ್ತು ಮುಳುಗುವಷ್ಟರಲ್ಲಿ ಅದು ಬೇವಿನ ಕೆಳಗೆ, ವಿರೂಪಾಕ್ಷಪ್ಪ ಮನೆಯ ಕಟ್ಟೆಯ ಮೇಲೆ.

ಎರ್ರಮ್ಮನಿಗೆ ಬೇಕಾಗಿದ್ದುದೂ ಅದೇ. ಅವಳ ತವರು ಕೊಳಗಲ್ಲು. ಅಪ್ಪ ಗವಿಸಿದ್ದಪ್ಪ ಲಾರಿ ಡ್ರೈವರು. ರಾತ್ರಿಯೆಲ್ಲ ಹತ್ತಿ ಲೋಡು ಹೊಡೆದು ಬೆಳಗ್ಗೆ ಬಂದು ಮಲಗಿದರೆ ಮತ್ತೆ ಏಳುವುದು ಲಾರಿ ಹತ್ತುವುದಕ್ಕೇ. ಅಪ್ಪ ಮಲಗಿದ್ದಾನೆ ಎಂದು ಅವ್ವ ತುಟಿಯ ಮೇಲೆ ಬೆರಳಿಟ್ಟು ಮಕ್ಕಳನ್ನು ಹೊರಗೆ ಅಟ್ಟುತ್ತಿದ್ದಳು. ಎರ್ರಮ್ಮನಿಗೆ ಅಪ್ಪ ಎಂದರೆ ಗೋಡೆಯ ಕಡೆ ತಿರುಗಿದ ಒಂದು ಬೆನ್ನು. ಅವಳಿಗೆ ಹದಿನೈದು ತುಂಬುವ ಹೊತ್ತಿಗೆ ಆತ ಜ್ವರ ಬಂದು ತೀರಿಹೋದ. ಹೆಣದ ಮುಂದೆ ಕುಳಿತು ಅಪ್ಪನ ದನಿ ಹೇಗಿತ್ತು ಎಂದು ನೆನಪಿಸಿಕೊಳ್ಳಲು ನೋಡಿದರೆ ಹುಡುಗಿಗೆ ಆತನ ಗೊರಕೆಯೊಂದೇ ನೆನಪಾಯಿತು. ಆ ದುಃಖ ಅವಳಿಗೆ ಇವತ್ತಿಗೂ ಆರಿಲ್ಲ.

ಅದಕ್ಕೇ ಅವಳಿಗೆ ಈ ಲಾರಿಯ ಮೇಲೆ ಇನ್ನಿಲ್ಲದ ಪ್ರೀತಿ. ಸಂಜೆಯಾದರೆ ಗಂಡ ಮನೆಯಲ್ಲಿ. ಕೈಕಾಲು ತೊಳೆದುಕೊಂಡು ಇಬ್ಬರು ಹೆಣ್ಣುಮಕ್ಕಳನ್ನು ಎದುರಿಗೆ ಕೂರಿಸಿಕೊಂಡು ಮಗ್ಗಿ ಹೇಳಿಸುತ್ತಿದ್ದ; ಹದಿನೇಳರ ಮಗ್ಗಿ ತನಗೇ ಬಾರದಿದ್ದರೂ ಮಕ್ಕಳು ತಪ್ಪಿದರೆ ಗದರಿಸುತ್ತಿದ್ದ. ಜಡೆ ಹಾಕಲು ಹೋಗಿ ಗಂಟು ಹಾಕುತ್ತಿದ್ದ. ಎರ್ರಮ್ಮ ಒಲೆಯ ಮುಂದೆ ಕೂತು ಇದನ್ನೆಲ್ಲ ಕೇಳಿಸಿಕೊಂಡು ಒಬ್ಬಳೇ ನಗುತ್ತಿದ್ದಳು.

ಹಿರಿಮಗಳು ಇನ್ನೂ ಕಂಕುಳಲ್ಲಿದ್ದಾಗಿನ ಮಾತು. ಸಿರುಗುಪ್ಪದ ದೊಡ್ಡಬಸವರಾಜ, ವಿರೂಪಾಕ್ಷಪ್ಪನ ವಾರಿಗೆಯವನು, ರಾತ್ರಿ ಲೋಡಿಗೆ ಕರೆದ. ಮದ್ರಾಸಿನ ಕಡೆ ಅಕ್ಕಿ ಹೋಗುತ್ತದೆ, ನಿನ್ನ ಗಾಡಿಗೆ ಒಳ್ಳೆ ದೀಪ ಹಾಕಿಸು, ಇಬ್ಬರೂ ಕೂಡಿ ಮೇಲೆ ಬರೋಣ ಎಂದ. ವಿರೂಪಾಕ್ಷಪ್ಪ ಹಿಗ್ಗಿಬಿಟ್ಟ. ಸೋಮವಾರ ಬಳ್ಳಾರಿಗೆ ಹೋಗಿ ಹೊನ್ನೂರಪ್ಪನ ಹತ್ತಿರ ಹನ್ನೆರಡು ವೋಲ್ಟು ಮಾಡಿಸುತ್ತೇನೆ ಎಂದು ಮನೆಯಲ್ಲಿ ಸಾರಿದ. ಸುಟ್ಟುಹೋದ ಡೈನಮೊಗಳಿಗೆ ಜೀವ ಬರಿಸುವ ಎಲೆಕ್ಟ್ರಿಷಿಯನ್ ಎಂದು ಹೊನ್ನೂರಪ್ಪನಿಗೆ ಆಗಲೇ ದೊಡ್ಡ ಹೆಸರು.

ಶನಿವಾರವೇ ಎರ್ರಮ್ಮ ಕೂಸನ್ನು ಎತ್ತಿಕೊಂಡು ಬಳ್ಳಾರಿಯ ಬಸ್ಸು ಹತ್ತಿದಳು. ಗಾಂಧಿನಗರದ ಹಿಂದಿನ ಓಣಿಯಲ್ಲಿದ್ದ ಅಂಗಡಿಯನ್ನು ಕೇಳಿ ಕೇಳಿ ಹುಡುಕಿ ಹೋದಳು.

"ಅಣ್ಣಾ, ಸೋಮವಾರ ನಮ್ಮ ಮನಿಯವ್ರು ಬರ್ತಾರ. ಆ ಲಾರಿಗೆ ಹನ್ನೆರಡು ವೋಲ್ಟು ಆಗಂಗಿಲ್ಲ ಅಂತ ಹೇಳ್ರಿ."

"ಆಗಂಗಿಲ್ಲ ಅನ್ನೋ ಮಾತು ಈ ಅಂಗಡ್ಯಾಗ ಯಾವತ್ತೂ ಬಂದಿಲ್ಲ ತಂಗಿ," ಎಂದ ಹೊನ್ನೂರಪ್ಪ.

ಎರ್ರಮ್ಮ ಅಪ್ಪನ ಬೆನ್ನಿನ ಕಥೆ ಹೇಳಿದಳು. ಹೊನ್ನೂರಪ್ಪ ಕೂಸಿನ ಮುಖ ನೋಡಿದ, ಕೈಯಲ್ಲಿದ್ದ ಇಕ್ಕಳವನ್ನು ಕೆಳಗಿಟ್ಟ. ಸೋಮವಾರ ಬಂದ ವಿರೂಪಾಕ್ಷಪ್ಪನಿಗೆ, ಬಾಯಿಗೆ ಬಂದದ್ದನ್ನು ಹೇಳಿ ಕಳಿಸಿದ: ಈ ಲಾರಿಯ ಬ್ಯಾಟರಿ ಎಲ್ಲ ಗಾಡಿಗಳಂತಲ್ಲ, ಇದರ ಪ್ಲಸ್ ತುದಿ ಕೆಳಗಿನ ಕಬ್ಬಿಣದ ಚಾಸಿಗೆ ಸೇರಿದೆ, ಅರ್ಥಿಂಗೇ ಉಲ್ಟಾ, ಹನ್ನೆರಡು ಹಾಕಿದರೆ ಚಾಸಿಯೆಲ್ಲ ಕರೆಂಟ್ ಹಿಡಿದು ಬಾಗಿಲು ಮುಟ್ಟಿದವರಿಗೆ ಶಾಕ್ ಹೊಡೆಯುತ್ತದೆ. ಪ್ಲಸ್ ತುದಿ ಚಾಸಿಗೆ ಸೇರಿದ್ದು ನಿಜ. ಉಳಿದದ್ದು ಪೂರಾ ಬೊಗಳೆ.

ವಿರೂಪಾಕ್ಷಪ್ಪ ಅದನ್ನು ವೇದವಾಕ್ಯ ಮಾಡಿಕೊಂಡ. ಚಹಾದಂಗಡಿಯಲ್ಲಿ, ಗಿರಣಿಯಲ್ಲಿ ಲಾರಿ ತೂಗುವ ಕಾಂಟಾದ ಹತ್ತಿರ, ಬೀಗರ ಮನೆಯ ಪಂಕ್ತಿಯಲ್ಲಿ, ಲಾರಿಯ ಮಾತು ಬಂದರೆ ಸಾಕು, ಇದರ ಅರ್ಥಿಂಗು ಉಲ್ಟಾ ಎಂದು ಶುರುಮಾಡಿಬಿಡುತ್ತಿದ್ದ. ಒಮ್ಮೆ ಪಾಲಿಟೆಕ್ನಿಕ್ಕಿನ ಮೇಷ್ಟರೊಬ್ಬರಿಗೂ ಪಾಠ ಮಾಡಿದ. ದೊಡ್ಡಬಸವರಾಜ ಎಂಟು ಲಾರಿಗಳ ಧಣಿಯಾದ; ಇವನು ತೌಡಿನಲ್ಲೇ ಉಳಿದ. ಗಂಡ ಬಾಯಿಬಿಟ್ಟು ಹಳಹಳಿಸಿದ್ದು ಇಲ್ಲ. ಆದರೂ ದೊಡ್ಡಬಸವರಾಜನ ಲಾರಿ ಊರಲ್ಲಿ ಹಾದುಹೋದಾಗಲೆಲ್ಲ ಎರ್ರಮ್ಮ ಎದ್ದು ಒಳಗೆ ಹೋಗಿಬಿಡುತ್ತಿದ್ದಳು. ಗಂಡನ ಏಳಿಗೆಗೆ ನಾನೇ ಅಡ್ಡ ಬಂದೆ ಎಂಬ ಮಾತು ಅವಳ ಒಳಗೆ ಕೂತುಬಿಟ್ಟಿತ್ತು.

ಹೀಗಿರುವಾಗ ಈ ಚಳಿ ಬಂತು. ಆರು ವೋಲ್ಟಿಗೆ ಮೊದಲೇ ತ್ರಾಣ ಕಡಿಮೆ. ಚಳಿಯಲ್ಲಿ ಎಂಜಿನ್ ಎಬ್ಬಿಸುವ ಸೆಲ್ಫ್ ಮೋಟರು ಎಳೆಯದೆ ಕೈಬಿಟ್ಟಿತು. ವಿರೂಪಾಕ್ಷಪ್ಪ ಲಾರಿಯ ಮೂತಿಗೆ ಹ್ಯಾಂಡಲ್ ಸಿಕ್ಕಿಸಿ ತಿರುವಿದ. ಎಂಜಿನ್ ಹ್ಯಾಂಡಲನ್ನು ಹಿಂದಕ್ಕೆ ಒದೆಯಿತು. ಬಲಗೈಯ ಮಣಿಕಟ್ಟು ಬೋಂಡದಂತೆ ಬಾತುಕೊಂಡಿತು. ಡಾಕ್ಟರು, ಇನ್ನೊಂದು ಸಲ ಹೀಗಾದರೆ ಈ ಕೈಯಲ್ಲಿ ತುತ್ತು ಎತ್ತುವುದೂ ಕಷ್ಟ ಎಂದರು.

"ಬಳ್ಳಾರಿಗೆ ಒಯ್ದು ಹನ್ನೆರಡು ವೋಲ್ಟು ಮಾಡಿಸ್ರಿ," ಎಂದಳು ಎರ್ರಮ್ಮ.

"ಆಗಂಗಿಲ್ಲ ಅಂತ ಹೊನ್ನೂರಪ್ಪನ ಹೇಳ್ಯಾನಲ್ಲ! ಇದರ ಅರ್ಥಿಂಗು..."

"ಉಲ್ಟಾ. ಗೊತ್ತೈತಿ. ಒಮ್ಮೆ ತೋರಿಸ್ರಿ."

"ತೋರಿಸಾಕ ಏನೈತಿ ಅದ್ರಾಗ? ಎಡಗೈಲೇ ಹ್ಯಾಂಡಲ್ ಹೊಡಿತೀನಿ ಬಿಡು."

ಎಂಟು ದಿನ ಎರ್ರಮ್ಮನಿಗೆ ಅನ್ನ ಸೇರಲಿಲ್ಲ. ಲಾರಿ ಬಳ್ಳಾರಿಗೆ ಹೋದರೆ ತನ್ನ ಬಣ್ಣ ಬಯಲಾಗುತ್ತದೆ. ಹೋಗದಿದ್ದರೆ ಗಂಡನ ಕೈ ಹೋಗುತ್ತದೆ. ನಲವತ್ತು ವರ್ಷ ಮೋಸ ಮಾಡಿದಳು ಎಂದು ಈ ವಯಸ್ಸಿನಲ್ಲಿ ಗಂಡ ಮುಖ ತಿರುಗಿಸಿದರೆ? ಮತ್ತೆ ಗೋಡೆ ಕಡೆ ತಿರುಗಿದ ಬೆನ್ನು ನೋಡುವ ಶಕ್ತಿ ಅವಳಿಗಿರಲಿಲ್ಲ. ಒಂಬತ್ತನೇ ದಿನ ಆತ ಎಡಗೈಯಲ್ಲಿ ಹ್ಯಾಂಡಲ್ ಹಿಡಿದುಕೊಂಡು ಲಾರಿಯ ಮುಂದೆ ಬಗ್ಗಿದ್ದನ್ನು ಕಂಡಳು. ನೆಟ್ಟಗೆ ಹೋಗಿ ಅದನ್ನು ಕಿತ್ತುಕೊಂಡಳು, ಒಳಗೆ ತಂದು ಜೋಳದ ದೊಡ್ಡ ಡಬ್ಬಿಯಲ್ಲಿ ಹೂತು ಅದರ ಮುಚ್ಚಳದ ಮೇಲೆ ಕುಳಿತಳು.

"ಬಳ್ಳಾರಿಗೆ ಹೊಂಟ್ರ ಏಳ್ತೀನಿ. ನಾನೂ ಬರ್ತೀನಿ."

ಪಕ್ಕದ ಮನೆಯ ಪ್ರದೀಪ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆದು ಲಾರಿ ಚಾಲೂ ಮಾಡಿಕೊಟ್ಟ. ಇಬ್ಬರೂ ಹತ್ತಿ ಬಳ್ಳಾರಿಯ ದಾರಿ ಹಿಡಿದರು.

ಹೊನ್ನೂರಪ್ಪನಿಗೂ ವಯಸ್ಸಾಗಿದೆ. ಈಗ ಅಂಗಡಿ ನಡೆಸುವವಳು ಮಗಳು ಪೂಜಿತಾ, ಎಲೆಕ್ಟ್ರಿಕಲ್ ಡಿಪ್ಲೊಮಾ ಮಾಡಿದವಳು. ಅಪ್ಪ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂತು ಬಂದವರನ್ನು ಮಾತಾಡಿಸುತ್ತಾನೆ. ಎರ್ರಮ್ಮನನ್ನು ಕಂಡದ್ದೇ ಆತ ಎದ್ದು ನಿಂತ.

ಪೂಜಿತಾ ಬಾನೆಟ್ ಎತ್ತಿ, ಟಾರ್ಚ್ ಬಿಟ್ಟು ನೋಡಿದಳು. "ಎರಡು ದಿನದ ಕೆಲಸ ಅಜ್ಜಾ. ಹನ್ನೆರಡರ ಬ್ಯಾಟರಿ ತಿರುವಿ ಹಾಕೋದು, ಡೈನಮೊ ಬದ್ಲಿ ಆಲ್ಟರ್ನೇಟರು, ಕಾಯಿಲ್ಲು, ಬಲ್ಬು, ವೈರಿಂಗು. ಸೆಲ್ಫ್ ಮೋಟ್ರು ಇದ ಇರ್ಲಿ, ಹನ್ನೆರಡಕ್ಕ ಇನ್ನೂ ಜೋರು ತಿರುಗ್ತೈತಿ. ಇಷ್ಟು ವರ್ಷ ಯಾಕ ಬಿಟ್ಟಿದ್ರಿ?"

"ಆಗಂಗಿಲ್ಲ ಅಂದಿದ್ರು. ಚಾಸಿಗೆ ಶಾಕ್ ಬರ್ತೈತಂತ," ಎಂದ ವಿರೂಪಾಕ್ಷಪ್ಪ, ನೆಲ ನೋಡುತ್ತ.

"ಯಾರ್ರಿ ಆ ಪುಣ್ಯಾತ್ಮ?"

"ನಿಮ್ಮಪ್ಪನ."

ಪೂಜಿತಾ ಗೊಳ್ಳೆಂದು ನಕ್ಕಳು. "ಏನಪ್ಪಾ ಇದು! ಮೊದಲ್ನೇ ಸೆಮಿಸ್ಟರ್ ಹುಡುಗ್ರೂ ಹಿಂಗ ಹೇಳಂಗಿಲ್ಲ." ಟೆಂಪೊ ರಿಪೇರಿಗೆ ತಂದು ಕಾಯುತ್ತಿದ್ದ ಇಬ್ಬರೂ ನಕ್ಕರು. ಹೊನ್ನೂರಪ್ಪ ಒಮ್ಮೆಯೂ ಎರ್ರಮ್ಮನ ಕಡೆ ನೋಡಲಿಲ್ಲ. "ಆಗ ನಮಗ ಅಷ್ಟ ತಿಳೀತಿತ್ತವ್ವಾ," ಎಂದು ಮೆಲ್ಲಗೆ ಹೇಳಿ ಕುರ್ಚಿಯಲ್ಲಿ ಕುಸಿದ.

ಅದನ್ನು ಮಾತ್ರ ಎರ್ರಮ್ಮನಿಂದ ತಾಳಲಾಗಲಿಲ್ಲ. ತನ್ನ ಸಲುವಾಗಿ ಅಂಥ ಕೆಲಸಗಾರ ಸ್ವಂತ ಮಗಳ ಕಣ್ಣಲ್ಲಿ ದಡ್ಡನಾಗಿ ಕೂತಿದ್ದಾನೆ.

"ನಗಬ್ಯಾಡವ್ವಾ," ಎಂದಳು. "ನಿಮ್ಮಪ್ಪಗ ಎಲ್ಲಾ ಬರ್ತಿತ್ತು. ಹಂಗ ಹೇಳಂತ ಹೇಳ್ದಾಕಿ ನಾನು. ಕೂಸು ಎತ್ಕೊಂಡು ಬಂದು ಅಂಗಲಾಚಿದ್ದೆ. ರಾತ್ರಿ ಲೋಡಿಗೆ ಹೋದ್ರ ಇವ್ರು ಮಕ್ಕಳಿಗೆ ಸಿಗಂಗಿಲ್ಲ ಅಂತ ನನಗ ಹೆದರಿಕಿ ಇತ್ತು. ಅವತ್ತಿಂದ ಇವತ್ತಿನತನಕ ಆ ಮಾತು ಹೊಟ್ಟ್ಯಾಗ ಇಟ್ಕೊಂಡಾನ ಈ ಪುಣ್ಯಾತ್ಮ."

ಪೂಜಿತಾ ಅಪ್ಪನ ಹತ್ತಿರ ಹೋಗಿ ಭುಜದ ಮೇಲೆ ಕೈ ಇಟ್ಟಳು. ವಿರೂಪಾಕ್ಷಪ್ಪ ಲಾರಿಯ ಮಡ್‌ಗಾರ್ಡಿನ ಮೇಲೆ ಕೈ ಆಡಿಸುತ್ತ ನಿಂತೇ ಇದ್ದ. ಎರ್ರಮ್ಮ ಬೈಗುಳಕ್ಕೆ ಕಾದಳು. ಅದು ಬರಲಿಲ್ಲ.

ಪೂಜಿತಾಳೇ ಲಾರಿಯ ಕಡೆ ತಿರುಗಿ ಕೇಳಿದಳು: "ಈಗ ಏನು ಮಾಡೋಣ್ರಿ? ಒಂದು ಮಾತು ಹೇಳಿಬಿಡ್ತೀನಿ. ಇದು ಕಂಪನಿ ವೈರಿಂಗು, ಬಟ್ಟಿ ಸುತ್ತಿದ ವೈರು. ಇಂಥಾದ್ದು ಉಳಿದಿರೋದ ಕಡಿಮಿ. ಒಮ್ಮೆ ಕಿತ್ತಿದ್ರ ಮತ್ತ ಬರಂಗಿಲ್ಲ."

"ಆಕೀನ್ನ ಕೇಳವ್ವಾ," ಎಂದ ವಿರೂಪಾಕ್ಷಪ್ಪ.

ಎರ್ರಮ್ಮ ಗಂಡನ ಬಾತ ಕೈ ನೋಡಿದಳು. "ಕಿತ್ತು ಹಾಕವ್ವಾ. ಕೈಯೇನು ಇನ್ನೊಂದು ಸಿಕ್ಕೀತೇನು?"

ಲಾರಿಯನ್ನು ಅಲ್ಲೇ ಬಿಟ್ಟು ಇಬ್ಬರೂ ಬಸ್ಸಿನಲ್ಲಿ ಊರ ಕಡೆ ಹೊರಟರು. ಕೊಳಗಲ್ಲು ದಾಟುವವರೆಗೂ ವಿರೂಪಾಕ್ಷಪ್ಪ ಕಿಟಕಿಯ ಹೊರಗೇ ನೋಡುತ್ತಿದ್ದ. ಎರ್ರಮ್ಮನಿಗೆ ಆತನ ಬೆನ್ನಷ್ಟೇ ಕಾಣುತ್ತಿತ್ತು. ಆಮೇಲೆ ಆತ ತಿರುಗಿದ.

"ಎರಡು ದಿನದ ಕೆಲಸ ಅಂತ ನನಗ ಮೊದಲ ಗೊತ್ತಿತ್ತು."

"ಏನಂದ್ರಿ?"

"ಸಿರುಗುಪ್ಪದ ಗಿರಣಿಯೊಳಗ ಹುಲಿಗೇಶ್ ಅಂತ ಒಬ್ಬ ಫಿಟ್ಟರ್ ಇದ್ದ. ಸಣ್ಣಾಕಿ ನಾಕನೇ ಕ್ಲಾಸಿನ್ಯಾಗ ಇದ್ಲು ಆಗ. ಗಾಡಿ ನೋಡಿ, ಎರಡು ದಿನದಾಗ ಹನ್ನೆರಡು ವೋಲ್ಟು ತಾನ ಮಾಡಿಕೊಡ್ತೀನಿ ಅಂದ. ಬ್ಯಾಡ ಅಂದೆ."

"ಯಾಕ್ರಿ?"

"ಮಗ್ಗಿ ಹೇಳ್ಸೋದು ಇತ್ತಲ್ಲ," ಎಂದ ಆತ. "ಸಂಜಿ ಮನಿಗೆ ಬರೋದು ರುಚಿ ಹತ್ತಿತ್ತು."

ಎರ್ರಮ್ಮನಿಗೆ ಮೊದಲು ಬಂದದ್ದು ಸಿಟ್ಟು. "ಅಷ್ಟು ವರ್ಷದಿಂದ ಗೊತ್ತಿದ್ದೂ ನನ್ನ ಹಿಂಗ ಬೇಯಾಕ ಬಿಟ್ರೇನು? ಊರೆಲ್ಲಾ ಅರ್ಥಿಂಗ್ ಉಲ್ಟಾ ಅಂತ ಸಾರ್ಕೊಂತ ತಿರುಗಿದ್ದು ಮತ್ಯಾಕ? ಮುಂಜಾನೆ ಎಡಗೈಲೇ ಹ್ಯಾಂಡಲ್ ಹೊಡಿಯಾಕ ಹೋಗಿದ್ದು ಯಾಕ?"

"ಆಗ್ತೈತಿ ಅಂದಿದ್ರ ನೀ ಸಿಕ್ಕಿ ಬೀಳ್ತಿದ್ದಿ."

"ನಾ ಹೇಳ್ಸಿದ್ದು ಅಂತ ನಿಮಗ ಹ್ಯಾಂಗ ಗೊತ್ತು? ಹೊನ್ನೂರಪ್ಪಣ್ಣ ಯಾರಿಗೂ ಹೇಳಿಲ್ಲ."

ವಿರೂಪಾಕ್ಷಪ್ಪ ನಕ್ಕ. "ಹುಲಿಗೇಶಗ ಬರೋ ಕೆಲಸ ಹೊನ್ನೂರಪ್ಪಗ ಬರಂಗಿಲ್ಲ ಅಂದ್ರ ಯಾರು ನಂಬ್ತಾರ? ಯಾರೋ ಹೇಳ್ಸ್ಯಾರ ಅಂತ ತಿಳೀತು. ಹೊತ್ತು ಮುಣುಗೋದ್ರಾಗ ನಾ ಮನಿಗೆ ಬರ್ಲಿ ಅಂತ ಕಾಯಾಕಿ ಈ ಭೂಮಿ ಮ್ಯಾಲ ಮತ್ಯಾರದಾರ, ನೀನ ಹೇಳು."

ಎರ್ರಮ್ಮನಿಗೆ ಅಳು ಬಂತು. ಬಸ್ಸಿನಲ್ಲಿ ಅಷ್ಟು ಜನರಿದ್ದರೂ ಅವಳು ಅದನ್ನು ತಡೆಯಲು ಹೋಗಲಿಲ್ಲ.